ಉಳಿಸಿಕೊಳ್ಳಲಾಗದ ಗೆಳೆಯ

ಕುಡಿತಕ್ಕೋ ಮಾದಕ ವಸ್ತುವಿಗೋ ದಾಸನಾದ ಒಬ್ಬನಿರುವ ಮನೆಯನ್ನು ಒಂದು ಪ್ರಶ್ನೆ ಸದಾ ಕಾಡುತ್ತದೆ. ಇಷ್ಟೆಲ್ಲ ಮಾಡಿಯೂ ಅವನು ಉಳಿಯದೆ ಹೋದರೆ ಮಾಡಿದ್ದೆಲ್ಲ ವ್ಯರ್ಥವೇ? ಪ್ರಿಯ ಓದುಗರೇ, ಇದೇ ಪ್ರಶ್ನೆಯನ್ನು ಎದುರಿಟ್ಟುಕೊಂಡು ಅಮೆರಿಕದ ಸಿಯಾಟಲ್ ನಗರದಲ್ಲಿ ರೂಪುಗೊಂಡ ಒಂದು ರಾಕ್ ಸಂಗೀತದ ಆಲ್ಬಮಿನ ಕಥೆಯನ್ನು ಹೇಳಬಯಸುತ್ತೇನೆ. ನಿಮ್ಮ ಮಕ್ಕಳು ಕೇಳುವ ಇಂಥ ಸಂಗೀತ ನಿಮಗೆ ಬರಿಯ ಗದ್ದಲವೆನಿಸಿದ್ದರೂ ಚಿಂತೆಯಿಲ್ಲ.

'ಪರ್ಲ್ ಜಾಮ್' ತಂಡದ ಗಿಟಾರ್ ವಾದಕ ಮೈಕ್ ಮೆಕ್‌ಕ್ರೆಡಿ 1994ರಲ್ಲಿ ಮಿನ್ನೆಸೋಟ ರಾಜ್ಯದ ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಅಲ್ಲಿ ಅವರಿಗೆ ಪರಿಚಯವಾದವರು ಬೇಸ್ ಗಿಟಾರ್ ವಾದಕ ಜಾನ್ ಬೇಕರ್ ಸಾಂಡರ್ಸ್. ಮುಂದೆ ಸಿಯಾಟಲ್‌ನಲ್ಲಿ 'ಸ್ಕ್ರೀಮಿಂಗ್ ಟ್ರೀಸ್' ತಂಡದ ಡ್ರಮ್ ವಾದಕ ಬ್ಯಾರೆಟ್ ಮಾರ್ಟಿನ್ ಇವರೊಡನೆ ಸೇರಿದರು. ಹಾಡಲು ಕರೆದದ್ದು 'ಆಲಿಸ್ ಇನ್ ಚೈನ್ಸ್' ತಂಡದ ಗಾಯಕ ಲೇನ್ ಸ್ಟೇಲಿಯವರನ್ನು. ಸ್ಟೇಲಿ ಆಗ ಹೆರಾಯಿನ್‌ನ ಹಿಡಿತದಲ್ಲಿದ್ದರು. ಚಟ ಬಿಟ್ಟವರ ನಡುವೆ ಕೆಲಸ ಮಾಡಿದರೆ ಅವರೂ ಚೇತರಿಸಿಕೊಂಡಾರು ಎಂಬುದು ಮೆಕ್‌ಕ್ರೆಡಿಯವರ ಆಸೆ. ಹೀಗೆ ಹುಟ್ಟಿದ ತಂಡವೇ 'ಮ್ಯಾಡ್ ಸೀಸನ್'. ಅದರ ಚೊಚ್ಚಲ ಆಲ್ಬಮ್ 'ಅಬವ್' 1995ರ ಮಾರ್ಚ್ ತಿಂಗಳಲ್ಲಿ ಹೊರಬಂತು.

ಗೆಳೆಯರು ಸ್ಟೇಲಿಗೆ ಉಪದೇಶ ಮಾಡಲಿಲ್ಲ, ಕೆಲಸ ಕೊಟ್ಟರು. ಸಾಹಿತ್ಯವೂ ಗಾಯನವೂ ನಿನ್ನದೇ, ನಿನಗೆ ತೋಚಿದಂತೆ ಮಾಡು ಎಂದು ಬಿಟ್ಟುಕೊಟ್ಟರು. ಆ ದಿನಗಳಲ್ಲಿ ಅವರು ಖಲೀಲ್ ಗಿಬ್ರಾನನ 'ದಿ ಪ್ರಾಫೆಟ್' ಕೃತಿಯನ್ನು ಓದುತ್ತಿದ್ದರು; ಅದರ ಛಾಯೆ ಹಾಡುಗಳಲ್ಲಿದೆ. ಆಲ್ಬಮಿನ ಹೊದಿಕೆಯ ಚಿತ್ರವನ್ನು ಬರೆದವರೂ ಅವರೇ. ವ್ಯಸನಿಯನ್ನು ಕಂಡೊಡನೆ ನಾವು ಮೊದಲು ಕಸಿದುಕೊಳ್ಳುವುದು ಜವಾಬ್ದಾರಿಯನ್ನು. ಇವರು ಅದನ್ನೇ ಅವರ ಕೈಗಿತ್ತರು. ಯೋಬನ ಗೆಳೆಯರು ಏಳು ದಿನ ಮೌನವಾಗಿ ಅವನ ಪಕ್ಕದಲ್ಲಿ ಕುಳಿತಿದ್ದಷ್ಟು ಕಾಲ ಒಳ್ಳೆಯ ಗೆಳೆಯರೇ ಆಗಿದ್ದರು. ಕೆಟ್ಟದ್ದು ಬಾಯಿ ತೆರೆದ ಮೇಲೆ.

ಹಾಡುಗಳು ವಿಷಾದದಿಂದ ತುಂಬಿವೆ, ಹೆಚ್ಚಿನವು ನಿಧಾನಗತಿಯವು. ಎರಡರಲ್ಲಿ ಮಾರ್ಕ್ ಲಾನೆಗನ್ ಎಂಬ ಗಾಯಕರ ತಗ್ಗುದನಿ ಸ್ಟೇಲಿಯ ದನಿಯೊಡನೆ ಬೆರೆಯುತ್ತದೆ. ಇಂಥ ದುಃಖದ ಹಾಡು ಯುವಕರನ್ನು ಕೆಡಿಸುತ್ತದೆಂದು ಹೆದರುವ ತಂದೆತಾಯಿಗಳುಂಟು. ನನಗೆ ಹಾಗನಿಸುವುದಿಲ್ಲ. ಕೀರ್ತನೆಗಳ ಗ್ರಂಥದಲ್ಲಿಯೂ ಪ್ರಲಾಪಗಳು ಬೇಕಾದಷ್ಟಿವೆ. ನೋವಿಗೆ ದನಿ ಸಿಕ್ಕುವುದಕ್ಕಿಂತ ಅದು ದನಿಯಿಲ್ಲದೆ ಒಳಗೇ ಉಳಿಯುವುದು ಅಪಾಯಕರ.

ಆಲ್ಬಮಿಗೆ ಅದೇ ವರ್ಷ 5 ಲಕ್ಷ ಪ್ರತಿಗಳಿಗೆ ಸಲ್ಲುವ 'ಗೋಲ್ಡ್' ಮನ್ನಣೆ ದೊರೆಯಿತು. ಆದರೆ ಸಾಂಡರ್ಸ್ 1999ರ ಜನವರಿಯಲ್ಲಿ ಹೆರಾಯಿನ್‌ನಿಂದಲೇ ಸತ್ತರು. ಸ್ಟೇಲಿ 2002ರ ಏಪ್ರಿಲ್‌ನಲ್ಲಿ, ತಮ್ಮ 34ನೆಯ ವಯಸ್ಸಿನಲ್ಲಿ, ಮನೆಯಲ್ಲಿ ಒಬ್ಬರೇ ಇದ್ದಾಗ ತೀರಿಕೊಂಡರು. ದೇಹ ಪತ್ತೆಯಾಗುವಷ್ಟರಲ್ಲಿ ದಿನಗಳೇ ಕಳೆದಿದ್ದವು.

'ಹೋಗಲಿ, ಹಾಡುಗಳಾದರೂ ಉಳಿದವಲ್ಲ' ಎಂದು ಸಮಾಧಾನ ಹೇಳುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ತಾಯಿಯೊಬ್ಬಳ ಮಗನನ್ನು ಒಂದು ತಟ್ಟೆಯಲ್ಲೂ ಹತ್ತು ಹಾಡುಗಳನ್ನು ಇನ್ನೊಂದು ತಟ್ಟೆಯಲ್ಲೂ ಇಟ್ಟು ತೂಗುವ ತಕ್ಕಡಿ ಎಲ್ಲಿಯೂ ಇಲ್ಲ. ಗೆಳೆಯರು ಬಯಸಿದ್ದು ಸ್ಟೇಲಿ ಬದುಕಲೆಂದು, ಅದು ಕೈಗೂಡಲಿಲ್ಲ. ಇನ್ನೊಬ್ಬನ ಸಂಕಲ್ಪದ ಬಾಗಿಲನ್ನು ಹೊರಗಿನಿಂದ ತೆರೆಯಲು ಪ್ರೀತಿಗೂ ಆಗುವುದಿಲ್ಲ. ವ್ಯಸನವಂತೂ ಒಳಗಿನ ಚಿಲಕವನ್ನೇ ಜಡಗೊಳಿಸುವ ರೋಗ. ಹಾಗಿದ್ದೂ ಸ್ಟೇಲಿಯವರು ಆ ಕೆಲವು ವಾರಗಳ ಮಟ್ಟಿಗೆ ಬರಿಯ ರೋಗಿಯಾಗಿರಲಿಲ್ಲ. ನಾಲ್ವರಲ್ಲಿ ಒಬ್ಬ ಕಲಾವಿದರಾಗಿದ್ದರು. ಆ ವಾರಗಳು ಅವರಿಗೆ ಸಂದವು. ಮುಂದೆ ನಡೆದದ್ದು ಅವುಗಳನ್ನು ಅಳಿಸುವುದಿಲ್ಲ.

ತಂಡ ಎರಡನೆಯ ಆಲ್ಬಮಿಗೆಂದು ವಾದ್ಯಸಂಗೀತವನ್ನು ಮುದ್ರಿಸಿಟ್ಟಿತ್ತು. ಹಾಡಬೇಕಾದ ಸ್ಟೇಲಿ ಬರಲಾಗಲಿಲ್ಲ. 2013ರಲ್ಲಿ 'ಅಬವ್' ಮರುಬಿಡುಗಡೆಯಾದಾಗ ಅಂಥ ಮೂರು ರಚನೆಗಳಿಗೆ ಸಾಹಿತ್ಯ ಬರೆದು ದನಿಗೂಡಿಸಿದವರು ಗೆಳೆಯ ಲಾನೆಗನ್.