ಬೀಗ ಹಾಕಿದ ಮನೆಯ ಹೊಣೆ

ಮನುಷ್ಯನು ತನಗೆ ಪ್ರಿಯವಾದ ಖರ್ಚನ್ನು ಸಂತೋಷದಿಂದಲೇ ಮಾಡುತ್ತಾನೆ. ಮಗಳ ಮದುವೆಗೋ ಮನೆಯ ಮುಂಬಾಗಿಲಿನ ಕೆತ್ತನೆಗೋ ಹಣ ಸುರಿಯುವಾಗ ಅವನ ಕೈ ಹಿಂಜರಿಯುವುದಿಲ್ಲ. ಆದರೆ ತಾನು ಬಯಸದ, ತನ್ನ ಕಣ್ಣಿಗೆ ಕಾಣದ ಖರ್ಚಿನ ಬಿಲ್ಲು ಬಂದಾಗಲೇ ಅವನ ನ್ಯಾಯಪ್ರಜ್ಞೆಯ ನಿಜವಾದ ಪರೀಕ್ಷೆ ನಡೆಯುತ್ತದೆ.

ನಮ್ಮ ಕರಾವಳಿಯ ಅನೇಕ ಕುಟುಂಬಗಳಿಗೆ ಈ ಪರೀಕ್ಷೆ ಹೊಸದಲ್ಲ. ದುಬೈ, ದಮ್ಮಾಮ್, ಜಿದ್ದಾಗಳಲ್ಲಿ ಬೆವರು ಸುರಿಸಿ ಗಳಿಸಿದ ಹಣದಿಂದ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಒಂದು ಫ್ಲ್ಯಾಟ್ ಕೊಳ್ಳುತ್ತೇವೆ. ವರ್ಷದ ಹನ್ನೊಂದು ತಿಂಗಳು ಅದಕ್ಕೆ ಬೀಗ. ಮೆಯಿಂಟೆನೆನ್ಸ್ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ. “ನಾನು ಲಿಫ್ಟ್ ಹತ್ತಿಲ್ಲ, ನೀರು ಮುಟ್ಟಿಲ್ಲ, ಮತ್ತೇಕೆ ಹಣ?” ಎಂದು ಮನಸ್ಸು ಕೇಳುತ್ತದೆ. ಕೆಲವರು ಕ್ರಮೇಣ ಅಲ್ಲಿನ ಸಂಘದವರ ಫೋನ್ ಎತ್ತುವುದನ್ನೇ ಬಿಡುತ್ತಾರೆ.

ಪ್ರಿಯ ವಾಚಕರೇ, ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ನಾವು ಬಯಸದ ಖರ್ಚೇ ಬೇರೆ, ನಾವು ಕೊಡಬೇಕಾಗಿಲ್ಲದ ಖರ್ಚೇ ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸುವಲ್ಲಿಯೇ ನಾವು ಎಡವುತ್ತೇವೆ.

ಲಿಫ್ಟಿನ ವಾರ್ಷಿಕ ದುರಸ್ತಿ ಕರಾರು, ಕಾವಲುಗಾರನ ಸಂಬಳ, ಮೆಟ್ಟಿಲಿನ ದೀಪ, ಮಳೆಗಾಲಕ್ಕೆ ಮುನ್ನ ತಾರಸಿಯ ಸೋರಿಕೆ ತಡೆಯುವ ಕೆಲಸ, ಇವು ಕಟ್ಟಡವಿರುವ ಕಾರಣಕ್ಕೆ ಬರುವ ಖರ್ಚುಗಳು. ನಾವು ಒಳಗಿದ್ದರೂ ಹೊರಗಿದ್ದರೂ ಇವು ಕಡಿಮೆಯಾಗುವುದಿಲ್ಲ. ನಮ್ಮ ಬೀಗವನ್ನು ರಾತ್ರಿಯಿಡೀ ಕಾಯುವವನೂ ಅದೇ ಕಾವಲುಗಾರ. ಕಾರ್ಮಿಕನ ಬೆವರು ಒಣಗುವ ಮುನ್ನ ಅವನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಆದೇಶ, ಮಾಲಕ ಸಮುದ್ರದಾಚೆ ಇದ್ದಾನೆಂಬ ಕಾರಣಕ್ಕೆ ರದ್ದಾಗುವುದೇ?

ಲಾಭ ಪಡೆಯುವವನೇ ನಷ್ಟದ ಹೊಣೆಯನ್ನೂ ಹೊರಬೇಕು ಎಂಬುದು ಇಸ್ಲಾಮೀ ಕರ್ಮಶಾಸ್ತ್ರದ ಪ್ರಸಿದ್ಧ ಸೂತ್ರ. ಫ್ಲ್ಯಾಟಿನ ಬೆಲೆ ಏರಿದಾಗ “ನಾನು ಅಲ್ಲಿ ವಾಸವಿರಲಿಲ್ಲ, ಈ ಏರಿಕೆ ನನಗೆ ಬೇಡ” ಎಂದು ಹೇಳುವವರುಂಟೇ? ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲಕತ್ವ ಕಾನೂನು ಹೇಳುವುದೂ ಇದನ್ನೇ. ಆ ಕಾನೂನಿನಡಿ ಬರುವ ಕಟ್ಟಡಗಳಲ್ಲಿ ಸಾಮಾನ್ಯ ಸೌಲಭ್ಯಗಳನ್ನು ಬಳಸುವುದಿಲ್ಲವೆಂದೋ ಮನೆಯನ್ನು ಬಿಟ್ಟುಹೋಗಿದ್ದೇನೆಂದೋ ಹೇಳಿ ಮಾಲಕನು ತನ್ನ ಪಾಲಿನ ಖರ್ಚಿನಿಂದ ತಪ್ಪಿಸಿಕೊಳ್ಳುವಂತಿಲ್ಲ.

ಪ್ರವಾದಿವರ್ಯರು(ಸ) ಹೇಳಿದ ಹಡಗಿನ ಉಪಮೆ ನಿಮಗೆ ಗೊತ್ತಿರಬಹುದು. ಚೀಟಿ ಎತ್ತಿ ಕೆಲವರು ಮೇಲಂತಸ್ತಿನಲ್ಲೂ ಕೆಲವರು ಕೆಳಗೂ ಜಾಗ ಪಡೆದರು. ನೀರಿಗಾಗಿ ಮೇಲೆ ಹೋಗಿ ಇತರರಿಗೆ ತೊಂದರೆ ಕೊಡುವ ಬದಲು ತಮ್ಮ ಪಾಲಿನಲ್ಲೇ ತೂತು ಕೊರೆಯೋಣವೆಂದು ಕೆಳಗಿನವರು ಯೋಚಿಸಿದರು. ಅವರನ್ನು ತಡೆಯದೆ ಬಿಟ್ಟರೆ ಎಲ್ಲರೂ ಮುಳುಗುವರು, ತಡೆದರೆ ಎಲ್ಲರೂ ಉಳಿಯುವರು. ಬಹುಮಹಡಿ ಕಟ್ಟಡವೂ ಇಂತಹ ಹಡಗೇ. ಹತ್ತು ಮಂದಿ ಬಾಕಿ ಉಳಿಸಿದರೆ ಆ ಭಾರ ಅಲ್ಲಿಯೇ ವಾಸಿಸುವ ನಿವೃತ್ತ ಮಾಸ್ತರರ, ವಿಧವೆಯರ ಹೆಗಲಿಗೆ ಬೀಳುತ್ತದೆ.

ಹಾಗೆಂದು ಸಂಘದವರು ಕೇಳಿದ್ದೆಲ್ಲವೂ ನ್ಯಾಯವೆಂದೂ ಭಾವಿಸಬಾರದು. ದೂರದಲ್ಲಿರುವವನ ಸೊತ್ತು ಹತ್ತಿರವಿರುವವರ ಕೈಯಲ್ಲಿ ಅಮಾನತ್ ಆಗಿದೆ. ಅವನು ಸಭೆಗೆ ಬರಲಾರ, ಎದ್ದು ನಿಂತು ಪ್ರಶ್ನಿಸಲಾರ ಎಂದು ಅವನ ತಲೆಯ ಮೇಲೆ ಹೆಚ್ಚಿನ ಹೊರೆ ಹೇರುವುದು ಅನ್ಯರ ಸೊತ್ತನ್ನು ಅನ್ಯಾಯವಾಗಿ ಕಬಳಿಸಿದಂತೆ. ಪವಿತ್ರ ಕುರ್‌ಆನ್ ಇದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಮುಂಬಯಿಯಲ್ಲಿ ಕೆಲವು ಸಹಕಾರಿ ಗೃಹ ಸಂಘಗಳು ಬಾಡಿಗೆಗೆ ಕೊಟ್ಟ ಫ್ಲ್ಯಾಟುಗಳ ಮೇಲೆ ವಿಪರೀತ ಶುಲ್ಕ ಹೇರುತ್ತಿದ್ದವು. ಕೊನೆಗೆ 2001ರಲ್ಲಿ ಮಹಾರಾಷ್ಟ್ರ ಸರಕಾರವು ಆ ಹೆಚ್ಚುವರಿ ಶುಲ್ಕ ಸೇವಾ ಶುಲ್ಕದ ಶೇ. 10ನ್ನು ಮೀರಬಾರದೆಂದು ಮಿತಿ ಹಾಕಬೇಕಾಯಿತು.

ಆದುದರಿಂದ ಬಿಲ್ಲನ್ನು ವಿವರವಾಗಿ ಕೇಳಿರಿ. ಲೆಕ್ಕಪುಸ್ತಕ ನೋಡುವುದು ಮಾಲಕನ ಹಕ್ಕು. ಬಳಸಿದಷ್ಟಕ್ಕೆ ಬರುವ ಖರ್ಚುಗಳಲ್ಲಿ, ಅಂದರೆ ಮನೆಯೊಳಗಿನ ನೀರು, ಜನರೇಟರಿನ ಡೀಸೆಲ್ ಮುಂತಾದವುಗಳಲ್ಲಿ, ಖಾಲಿ ಮನೆಗೆ ರಿಯಾಯಿತಿ ಕೊಡಿರೆಂದು ಬರೆದು ಕೇಳಿರಿ. ಸಮಾರಂಭದ ವಂತಿಗೆಯನ್ನು ಬಿಲ್ಲಿನಲ್ಲಿ ಸೇರಿಸಿದ್ದರೆ ಅದನ್ನು ಬೇರ್ಪಡಿಸಿರೆಂದು ವಿನಯದಿಂದ ಹೇಳಿರಿ. ಆದರೆ ವಿವಾದವಿಲ್ಲದ ಭಾಗವನ್ನು ಮೊದಲು ಸಂದಾಯ ಮಾಡಿರಿ. ಒಂದು ಬಾಬ್ತಿನ ಕೋಪಕ್ಕೆ ಇಡೀ ಬಿಲ್ಲನ್ನು ತಡೆಹಿಡಿಯುವುದು ನ್ಯಾಯವಲ್ಲ. ಬಾಕಿ ಬೆಳೆದರೆ ಅದರ ಮೇಲೆ ಬಡ್ಡಿಯೂ ಬೀಳಬಹುದು. ಬಡ್ಡಿಯಿಂದ ದೂರವಿರಬೇಕಾದ ನಾವು ಉದಾಸೀನದಿಂದ ಅದಕ್ಕೆ ಬಾಗಿಲು ತೆರೆಯಬೇಕೇ?

ಇನ್ನೊಂದು ಮಾತು. ಬಿಲ್ಲು ಕಟ್ಟುವ ಕೆಲಸವನ್ನು ಊರಿನಲ್ಲಿರುವ ತಮ್ಮನಿಗೋ ಭಾವನಿಗೋ ಒಪ್ಪಿಸಿ ಹಣ ಕಳುಹಿಸಲು ಮರೆಯುವವರಿದ್ದಾರೆ. ಸಂಕೋಚದಿಂದ ಅವನು ಕೇಳುವುದಿಲ್ಲ, ತನ್ನ ಕಿಸೆಯಿಂದಲೇ ಕಟ್ಟುತ್ತಾನೆ. ಅವನ ಮೌನವನ್ನು ಒಪ್ಪಿಗೆಯೆಂದು ತಿಳಿಯಬೇಡಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಕುರ್‌ಆನಿನ ಆದೇಶವು ಅಣ್ಣ ತಮ್ಮಂದಿರನ್ನು ಹೊರತುಪಡಿಸಿಲ್ಲ.

ನಾವು ದೂರವಿದ್ದೇವೆ ಎಂಬುದರಿಂದ ನಮ್ಮ ಹಕ್ಕು ಕಡಿಮೆಯಾಗುವುದಿಲ್ಲ. ಹಾಗೆಯೇ ನಮ್ಮ ಹೊಣೆಯೂ ಕಡಿಮೆಯಾಗುವುದಿಲ್ಲ. ಸಂಘದ ಕಣ್ಣಿಗೆ ನಾವು ಗೈರುಹಾಜರಾಗಿರಬಹುದು, ಅಲ್ಲಾಹನ ಮುಂದೆ ಯಾರೂ ಗೈರುಹಾಜರಲ್ಲ. ಪರರ ಹಕ್ಕಿನ ಬಾಕಿಯಿಲ್ಲದೆ ಅವನನ್ನು ಭೇಟಿಯಾಗುವ ಭಾಗ್ಯವನ್ನು ಅವನು ನಮಗೆಲ್ಲರಿಗೂ ಕರುಣಿಸಲಿ.