ಆಮೇಲೆ ಏನಾಯಿತು?

ಥಿಯೇಟರಿನ ಬಾಗಿಲು ತೆರೆದು ಬಂದ ಸರ್ಜನ್ "ಆಪರೇಷನ್ ಚೆನ್ನಾಗಿ ಆಯಿತು" ಎಂದಾಗ ಹೊರಗೆ ಬೆಂಚಿನ ಮೇಲೆ ಕೂತವರಿಗೆ ಹೋದ ಜೀವ ಬಂದಂತಾಗುತ್ತದೆ. ಆ ಮಾತು ಸುಳ್ಳಲ್ಲ. ಗಡ್ಡೆ ಹೊರಬಂದಿದೆ, ರಕ್ತ ನಿಂತಿದೆ, ಹೊಲಿಗೆ ಬಿದ್ದಿದೆ, ಉಸಿರಾಟ ಸರಿಯಾಗಿದೆ. ಆದರೆ ಆ ಮಾತಿಗೆ ಗೊತ್ತಿರುವುದು ಅಷ್ಟು ಹೊತ್ತಿನ ಸಂಗತಿ. ರೋಗಿ ಮೈಯೊಪ್ಪಿಸಿದ್ದು ಮುಂದಿನ ವರ್ಷಗಳಿಗಾಗಿ. ಆ ವರ್ಷಗಳು ಹೇಗೆ ಕಳೆದವು, ಅವಳು ಮತ್ತೆ ಹೊಲಕ್ಕೆ ಹೋದಳೇ, ನೋವು ಮರಳಿತೇ, ಬದುಕಿದಳೇ ಎಂಬುದನ್ನು ಬೆಂಚಿನ ಮೇಲಿದ್ದವರಂತೂ ಬಲ್ಲರು. ಕತ್ತಿ ಹಿಡಿದ ಕೈಗೆ ಅದು ತಿಳಿಯುವುದು ಹೇಗೆ?

ಈ ಪ್ರಶ್ನೆಯನ್ನು ಹಠ ಹಿಡಿದು ಕೇಳಿದವರು ಬಾಸ್ಟನ್ನಿನ ಅರ್ನೆಸ್ಟ್ ಅಮೋರಿ ಕಾಡ್‌ಮನ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದರು. ಪ್ರತಿ ರೋಗಿಗೂ ಒಂದು ಚಿಕ್ಕ ಕಾರ್ಡು. ಬಂದಾಗ ಏನು ತೊಂದರೆ, ಏನು ರೋಗವೆಂದು ತಿಳಿದೆವು, ಏನು ಮಾಡಿದೆವು, ಏನು ಎಡವಟ್ಟಾಯಿತು, ಎಲ್ಲ ಅದರಲ್ಲಿ. ವರ್ಷ ಕಳೆದ ಮೇಲೆ ರೋಗಿಯನ್ನು ಮತ್ತೆ ವಿಚಾರಿಸಿ ಕೊನೆಯ ಸಾಲು ಬರೆಯುವುದು: ಆಮೇಲೆ ಏನಾಯಿತು. ಗುಣವಾಗದಿದ್ದರೆ, ಯಾಕೆ? ಆಸ್ಪತ್ರೆಗಳು ಈ ಲೆಕ್ಕವನ್ನು ಬಹಿರಂಗಪಡಿಸಬೇಕು, ಬಡ್ತಿ ಹಿರಿತನ ನೋಡಿ ಬರಬಾರದು, ಫಲ ನೋಡಿ ಬರಬೇಕು ಎಂದರು. ಅವರ ಆಸ್ಪತ್ರೆ ಒಪ್ಪಲಿಲ್ಲ. 1914ರಲ್ಲಿ ರಾಜೀನಾಮೆ ಕೊಟ್ಟರು. ತಾವೇ ನಡೆಸುತ್ತಿದ್ದ ಪುಟ್ಟ ಆಸ್ಪತ್ರೆಯಲ್ಲಿ 1911ರಿಂದ 1916ರವರೆಗೆ ಚಿಕಿತ್ಸೆ ಪಡೆದು ಹೋದ 337 ರೋಗಿಗಳ ಲೆಕ್ಕವನ್ನು ಅಚ್ಚು ಹಾಕಿಸಿದರು. ಅದರಲ್ಲಿ 123 ತಪ್ಪುಗಳಿದ್ದವು. ಕೈಚಳಕ ಸಾಲದೆ ಆದದ್ದು, ವಿವೇಚನೆ ತಪ್ಪಿದ್ದು, ಆರೈಕೆ ಕಡಿಮೆಯಾದದ್ದು, ರೋಗವನ್ನೇ ಬೇರೆಯೆಂದು ತಿಳಿದದ್ದು, ಹೀಗೆ ಒಂದೊಂದಕ್ಕೂ ಗುರುತು. ಮನುಷ್ಯನ ಕೈ ಮೀರಿದ ಅನಾಹುತಗಳಿಗೆ ಇನ್ನೊಂದು ಗುರುತು. ಇವೆರಡನ್ನೂ ಬೆರೆಸದೆ ಇಟ್ಟದ್ದರಲ್ಲಿಯೇ ಅವರ ಪ್ರಾಮಾಣಿಕತೆ ಕಾಣುತ್ತದೆ. ವಿಧಿಯ ಪಾಲಿನದನ್ನು ವಿಧಿಗೆ ಬಿಟ್ಟು, ತಮ್ಮ ಪಾಲಿನದನ್ನು ತಾವು ಹೊತ್ತರು. ಸಹೋದ್ಯೋಗಿಗಳು ದೂರವಾದರು, ಆಸ್ಪತ್ರೆ ಮುಚ್ಚಿತು. 1940ರಲ್ಲಿ ತೀರಿಕೊಂಡ ಅವರ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 2014ರಲ್ಲಿ.

ಕಾಡ್‌ಮನ್ನರ ಮೇಲೆ ನನಗೆ ಅಪಾರ ಗೌರವ. ಆದರೂ ಅವರ ಪ್ರಶ್ನೆ ಎಷ್ಟು ಸರಳವಾಗಿ ಕಾಣುತ್ತದೋ ಉತ್ತರ ಅಷ್ಟು ಸರಳವಾಗಿಲ್ಲ. ಏನಾಯಿತು ಎಂದು ಕೇಳುವಾಗ ಯಾವುದನ್ನು ಕೇಳುತ್ತಿದ್ದೇವೆ?

ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಮಹಾ ಸರ್ಜನ್ ಇದ್ದರು. ಸ್ತನ ಕ್ಯಾನ್ಸರಿಗೆ ಸ್ತನದ ಜೊತೆ ಎದೆಯ ಸ್ನಾಯುಗಳನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುವ ಆಪರೇಷನ್ ರೂಪಿಸಿದರು. ಕ್ಯಾನ್ಸರು ಗಡ್ಡೆಯಿಂದ ಗ್ರಂಥಿಗೆ, ಗ್ರಂಥಿಯಿಂದ ಮುಂದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹರಡುತ್ತದೆ, ಹಾಗಾಗಿ ಎಷ್ಟು ಅಗಲವಾಗಿ ಕತ್ತರಿಸಿದರೆ ಅಷ್ಟು ಕ್ಷೇಮ ಎಂಬುದು ನಂಬಿಕೆ. 1894ರಲ್ಲಿ 50 ರೋಗಿಗಳ ವಿವರ ಪ್ರಕಟಿಸಿದರು. ಆಪರೇಷನ್ ಆದ ಜಾಗದಲ್ಲಿ ಗಡ್ಡೆ ಮತ್ತೆ ಬಂದದ್ದು ಕೆಲವೇ ಕೆಲವರಿಗೆ. ಆ ಕಾಲಕ್ಕೆ ಅದು ಬೆರಗಿನ ಫಲ. ಲೆಕ್ಕ ಇಡದ ಮನುಷ್ಯನಲ್ಲ ಅವರು. ಆದರೆ ಅವರು ಮುಖ್ಯವಾಗಿ ಎಣಿಸಿದ್ದು ಎದೆಯ ಮೇಲಿನ ಆ ಒಂದು ಗೇಣು ಜಾಗವನ್ನು. ಆ ಹೆಣ್ಣುಮಕ್ಕಳು ಬದುಕಲು ಬಯಸಿದವರು. ಜಾಗ ಶುದ್ಧವಾಗಿದ್ದರೂ ಕ್ಯಾನ್ಸರು ಮೂಳೆಗೋ ಯಕೃತ್ತಿಗೋ ಹೋಗಿ ಕೂತಿದ್ದರೆ? ಸರ್ಜನ್ನನ ಪ್ರಶ್ನೆಗೂ ರೋಗಿಯ ಪ್ರಶ್ನೆಗೂ ನಡುವಿನ ಈ ಬಿರುಕು ಮುಕ್ಕಾಲು ಶತಮಾನ ಹೆಚ್ಚಿನವರ ಕಣ್ಣಿಗೆ ಸರಿಯಾಗಿ ಬೀಳಲಿಲ್ಲ. ಅಷ್ಟು ಕಾಲ ಲಕ್ಷಾಂತರ ಹೆಂಗಸರು ಎದೆಯ ಸ್ನಾಯು ಕಳೆದುಕೊಂಡು, ಬಾತ ತೋಳು ಹೊತ್ತು ಬಾಳಿದರು.

ಇಲ್ಲಿ ಯಾರದೂ ಕೇಡಿನ ಬುದ್ಧಿಯಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ. ರೋಗಿಯನ್ನು ಉಳಿಸಬೇಕೆಂಬ ತಹತಹವೇ ಕೈಯನ್ನು ಇನ್ನಷ್ಟು ಅಗಲಕ್ಕೆ ಒಯ್ದಿತು. ಕರುಣೆಗೆ ತನ್ನ ಫಲ ತನಗೇ ತಿಳಿಯುವ ಶಕ್ತಿ ಇಲ್ಲ. ಅದು ತನ್ನ ಬಿಸಿಯಲ್ಲೇ ತೃಪ್ತಿ ಪಡುತ್ತದೆ.

ಪಿಟ್ಸ್‌ಬರ್ಗಿನ ಸರ್ಜನ್ ಬರ್ನಾರ್ಡ್ ಫಿಶರ್ 1971ರಲ್ಲಿ ಹಾಲ್‌ಸ್ಟೆಡ್ಡರ ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. 1,665 ಹೆಂಗಸರು ಸೇರಿದರು. ಕಂಕುಳಿನಲ್ಲಿ ಗ್ರಂಥಿ ಕೈಗೆ ಸಿಗದಿದ್ದವರಲ್ಲಿ ಮೂರು ಗುಂಪು. ಒಂದಕ್ಕೆ ಹಾಲ್‌ಸ್ಟೆಡ್ ಮಾದರಿಯ ಆಪರೇಷನ್. ಇನ್ನೊಂದಕ್ಕೆ ಸ್ತನವನ್ನಷ್ಟೆ ತೆಗೆದು ವಿಕಿರಣ. ಮತ್ತೊಂದಕ್ಕೆ ಸ್ತನವನ್ನಷ್ಟೆ ತೆಗೆದು ಕಾಯುವುದು, ಗ್ರಂಥಿಯಲ್ಲಿ ರೋಗ ಕಂಡರೆ ಆಗ ಮಾತ್ರ ತೆಗೆಯುವುದು. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರೂ ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ. 25 ವರ್ಷ ಬೆನ್ನು ಬಿಡದೆ ವಿಚಾರಿಸಿ 2002ರಲ್ಲಿ ಫಲ ಪ್ರಕಟಿಸಿದರು. ಬದುಕುಳಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸ್ನಾಯುಗಳನ್ನು ಕಳೆದುಕೊಂಡವರು ಅದಕ್ಕೆ ಪ್ರತಿಯಾಗಿ ಆಯುಷ್ಯ ಪಡೆದಿರಲಿಲ್ಲ. ಗಡ್ಡೆಯನ್ನಷ್ಟೆ ತೆಗೆದು ಸ್ತನ ಉಳಿಸುವ ಇಂದಿನ ಆಪರೇಷನ್ನಿಗೆ ಎದೆಗಾರಿಕೆ ಬಂದದ್ದು ಇದರಿಂದಲೂ, ಇದರ ಹಿಂದೆಯೇ ಬಂದ ಇನ್ನೊಂದು ಪ್ರಯೋಗದಿಂದಲೂ.

ಆರಿಸುವ ಹಕ್ಕನ್ನು ಆಕಸ್ಮಿಕಕ್ಕೆ ಬಿಟ್ಟುಕೊಡುವುದು ಎಂದರೆ ಮೊದಲಿಗೆ ಮನಸ್ಸು ಒಪ್ಪುವುದಿಲ್ಲ. ಸಾವು ಬದುಕಿನ ವಿಷಯದಲ್ಲಿ ಚೀಟಿ ಎತ್ತುವುದೇ? ನಮ್ಮ ಕಡೆ ದಾರಿ ತೋಚದಾಗ ದೇವರ ಮುಂದೆ ನಿಂತು ಪ್ರಸಾದ ಕೇಳುತ್ತಾರೆ. ಮೂರ್ತಿಯ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಅಲ್ಲಿ ನಿಂತವರು ತಮ್ಮ ಇಷ್ಟವನ್ನು ಬದಿಗಿಟ್ಟು ಕೈಮುಗಿದಿರುತ್ತಾರೆ. ಪ್ರಯೋಗದಲ್ಲೂ ಅದೇ ಬದಿಗಿಡುವಿಕೆ ಇದೆ. ಗಟ್ಟಿಮುಟ್ಟಾದ ರೋಗಿಗೆ ದೊಡ್ಡ ಆಪರೇಷನ್, ಸೋತವಳಿಗೆ ಚಿಕ್ಕದು ಎಂದು ಸರ್ಜನ್ನನ ಮನಸ್ಸು ತನಗರಿವಿಲ್ಲದೆಯೇ ಹಂಚಿಬಿಡುತ್ತದೆ. ಆಮೇಲೆ ಗಟ್ಟಿಯವಳು ಬದುಕಿದ್ದನ್ನು ದೊಡ್ಡ ಆಪರೇಷನ್ನಿನ ಮಹಿಮೆ ಎನ್ನುತ್ತದೆ. ಅದನ್ನು ತಡೆಯಲು ಆಕಸ್ಮಿಕ ಬೇಕು. ಆದರೆ ಗುಡಿಯಲ್ಲಿ ಬಿದ್ದ ಹೂವೇ ಉತ್ತರ. ಇಲ್ಲಿ ಹೂ ಬಿದ್ದಲ್ಲಿಗೆ ಪ್ರಶ್ನೆ ಶುರುವಾಗುತ್ತದೆ, ಉತ್ತರ ನೂರಾರು ಜನ ಬಾಳಿದ ವರ್ಷಗಳಿಂದ ಬರಬೇಕು.

ಆಪರೇಷನ್ ಆದ ಮೇಲೆ ಹಾಯಾಯಿತು ಎಂದರೆ ಆಪರೇಷನ್ನಿನಿಂದಲೇ ಹಾಯಾಯಿತು ಎಂದೂ ಅಲ್ಲ. ಹ್ಯೂಸ್ಟನ್ನಿನಲ್ಲಿ ಮಂಡಿ ಸವೆತದ 180 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವರಿಗೆ ಕೀಲಿನೊಳಗೆ ಒಳಗನ್ನು ನೋಡುವ ನಳಿಕೆ ಇಳಿಸಿ ತೊಳೆದರು, ಕೆರೆದರು. ಕೆಲವರಿಗೆ ಚರ್ಮದ ಮೇಲೆ ಗೀರು ಹಾಕಿ ಹೊಲಿಗೆ ಮಾತ್ರ ಹಾಕಿದರು. ಎರಡು ವರ್ಷದವರೆಗೂ ನೋವಿನಲ್ಲಿ ಇವರಿಗೂ ಅವರಿಗೂ ಭೇದ ಕಾಣಲಿಲ್ಲ. ಸೇರಿದವರಿಗೆಲ್ಲ ಮೊದಲೇ ಎಲ್ಲ ತಿಳಿಸಿದ್ದರು, ತಮಗೆ ಬರಿಯ ಗೀರು ಮಾತ್ರ ಸಿಗಬಹುದು ಎಂದು ಅವರೇ ಕೈಯಾರೆ ಬರೆದು ಕೊಟ್ಟಿದ್ದರು.

ಈಗ ಮುಂಬಯಿಗೆ ಬರೋಣ. ಎಲೆಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ನಮ್ಮ ದೇಶದ ಬಾಯಿಗಳಿಗೆ ಕೊಟ್ಟ ಕ್ಯಾನ್ಸರಿಗೆ ಟಾಟಾ ಮೆಮೋರಿಯಲ್ ಆಸ್ಪತ್ರೆಗಿಂತ ದೊಡ್ಡ ಸಾಕ್ಷಿ ಇಲ್ಲ. ನಾಲಿಗೆಯಲ್ಲೋ ಕೆನ್ನೆಯ ಒಳಬದಿಯಲ್ಲೋ ಚಿಕ್ಕ ಹುಣ್ಣು. ಕತ್ತಿನಲ್ಲಿ ಗಂಟು ಕೈಗೆ ಸಿಗುವುದಿಲ್ಲ. ಹುಣ್ಣನ್ನು ತೆಗೆಯುವಾಗಲೇ ಕತ್ತಿನ ಗ್ರಂಥಿಗಳನ್ನೂ ತೆಗೆದುಬಿಡಬೇಕೆ, ಅಥವಾ ಗಂಟು ಕಂಡಾಗ ತೆಗೆಯೋಣವೆಂದು ಕಾಯಬಹುದೆ? ದಶಕಗಳ ಕಾಲ ಸರ್ಜನ್ನರು ಎರಡು ಪಕ್ಷವಾಗಿ ವಾದಿಸಿದ್ದರು. ಅಲ್ಲಿನ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2004ರಿಂದ 2014ರವರೆಗೆ 596 ರೋಗಿಗಳನ್ನು ಸೇರಿಸಿಕೊಂಡು ಇದನ್ನೇ ಕೇಳಿದರು. ಮೊದಲ 500 ಮಂದಿಯ ಫಲ 2015ರಲ್ಲಿ ಪ್ರಕಟವಾಯಿತು. ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷಕ್ಕೆ ಶೇಕಡಾ 80 ಮಂದಿ ಬದುಕಿದ್ದರು. ಕಾದವರಲ್ಲಿ ಶೇಕಡಾ 67.5.

ಪಿಟ್ಸ್‌ಬರ್ಗ್ ಕೇಳಿದ್ದೂ ಇದನ್ನೇ ಅಲ್ಲವೆ? ಗ್ರಂಥಿಯನ್ನು ಈಗಲೇ ತೆಗೆಯಬೇಕೆ, ಕಾಯಬಹುದೆ? ಸ್ತನದ ವಿಷಯದಲ್ಲಿ ಕಾದದ್ದರಿಂದ ಆಯುಷ್ಯ ಕುಗ್ಗಲಿಲ್ಲ. ಬಾಯಿಯ ವಿಷಯದಲ್ಲಿ ಕಾದದ್ದು ಜೀವಕ್ಕೆ ಎರವಾಯಿತು. ಒಂದೇ ಪ್ರಶ್ನೆಗೆ ಎರಡು ಮೈಗಳು ಎರಡು ಉತ್ತರ ಕೊಟ್ಟವು. ಹೆಚ್ಚು ಕತ್ತರಿಸುವುದು ಕ್ರೌರ್ಯ, ಕಡಿಮೆ ಕತ್ತರಿಸುವುದು ದಯೆ ಎಂದು ಫಿಶರರ ಪ್ರಯೋಗದಿಂದ ಒಂದು ನೀತಿ ಎತ್ತಿಕೊಂಡು ಮುಂಬಯಿಗೆ ಬಂದವರಿದ್ದರೆ ಅವರ ದಯೆಗೆ ರೋಗಿಗಳು ಬೆಲೆ ತೆರಬೇಕಾಗುತ್ತಿತ್ತು. ಯಾವ ತತ್ವವೂ, ಯಾವ ಸೌಮ್ಯ ಸ್ವಭಾವವೂ ಈ ಉತ್ತರವನ್ನು ಮುಂಚಿತವಾಗಿ ಹೇಳಲಾರದು. ಕೇಳಲೇಬೇಕು, ಪ್ರತಿ ಸಲವೂ ಹೊಸದಾಗಿ ಕೇಳಬೇಕು.

ಆ ವರದಿಯಲ್ಲಿ ಎರಡು ಅಂಕಿಗಳಿವೆ. ಮೊದಲೇ ಗ್ರಂಥಿ ತೆಗೆಸಿಕೊಂಡ ಗುಂಪಿನಲ್ಲಿ 50 ಸಾವು, ಕಾದ ಗುಂಪಿನಲ್ಲಿ 79. ಓದುವಾಗ ಕಣ್ಣು ಸುಲಭವಾಗಿ ಶೇಕಡಾವಾರಿಗೆ ಜಾರುತ್ತದೆ. ನಾನು ಆ 79ರ ಬಳಿ ನಿಲ್ಲುತ್ತೇನೆ. ಅವರು ಕಾಯುವ ಗುಂಪಿಗೆ ಹೋದಾಗ ಅದು ಕೆಳದರ್ಜೆಯ ಚಿಕಿತ್ಸೆ ಆಗಿರಲಿಲ್ಲ. ಒಳ್ಳೆಯ ಆಸ್ಪತ್ರೆಗಳಲ್ಲಿ ಒಳ್ಳೆಯ ಸರ್ಜನ್ನರು ನಂಬಿ ಕೊಡುತ್ತಿದ್ದ ಚಿಕಿತ್ಸೆಯೇ. ಯಾವುದು ಮೇಲು ಎಂಬುದು ಯಾರಿಗೂ ನಿಜವಾಗಿ ಗೊತ್ತಿಲ್ಲದ ಸ್ಥಿತಿಯಲ್ಲಿ ಮಾತ್ರ ಇಂಥ ಪ್ರಯೋಗಕ್ಕೆ ಧರ್ಮವಿದೆ. ಗೊತ್ತಾದ ಕ್ಷಣ ನಿಲ್ಲಿಸಬೇಕು. ಫಲವನ್ನು ನಡುವೆಯೇ ತೂಗಿ ನೋಡಲು ಹೊರಗಿನವರ ಒಂದು ಸಮಿತಿ ಇರುವುದು ಅದಕ್ಕೇ, ಇಲ್ಲೂ ಆ ಸಮಿತಿಯ ಮಾತಿನಂತೆಯೇ ನಡೆದರು. ಇಷ್ಟೆಲ್ಲ ನ್ಯಾಯವಾಗಿ ನಡೆದರೂ ಒಂದು ಸಾಲ ಉಳಿಯುತ್ತದೆ. ಇಂದು ಯಾವುದೋ ಊರಿನ ಅಡಿಕೆ ತೋಟದ ಕೂಲಿಯವನು ನಾಲಿಗೆಯ ಹುಣ್ಣಿಗೆ ಆಪರೇಷನ್ ಮಾಡಿಸಿಕೊಂಡಾಗ ಅವನ ಕತ್ತಿನ ಗ್ರಂಥಿಗಳನ್ನೂ ತೆಗೆಯುತ್ತಾರಲ್ಲ, ಆ ತೀರ್ಮಾನದಲ್ಲಿ ಆ 79 ಮಂದಿ ಇದ್ದಾರೆ. ಅವನಿಗೆ ಅವರ ಹೆಸರು ಗೊತ್ತಿಲ್ಲ, ಅವರಿಗೂ ಅವನ ಹೆಸರು ಗೊತ್ತಿರಲಿಲ್ಲ. ನಾವು ಪುರಾಣಗಳಲ್ಲಿ ಮೈಯನ್ನೇ ದಾನ ಕೊಟ್ಟವರನ್ನು ನೆನೆಯುತ್ತೇವೆ. ಅವರಿಗೆ ಯಾರಿಗೆ ಕೊಡುತ್ತಿದ್ದೇವೆಂದು ಗೊತ್ತಿತ್ತು.

ಬದುಕಿದವರೂ ಸತ್ತವರೂ ಲೆಕ್ಕಕ್ಕೆ ಸಿಗಬೇಕಾದರೆ ರೋಗಿ ಮತ್ತೆ ಬರಬೇಕು. ಕಾಡ್‌ಮನ್ನರ ಕಾರ್ಡಿನ ಕೊನೆಯ ಸಾಲು ನಮ್ಮಲ್ಲಿ ಖಾಲಿ ಉಳಿಯುವುದು ಇಲ್ಲಿಯೇ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕಲಬುರಗಿ, ರಾಯಚೂರು ಕಡೆಯಿಂದ ಬರುವವರಿಗೆ ಒಂದು ಫಾಲೋಅಪ್ ಎಂದರೆ ಎರಡು ರಾತ್ರಿಯ ಪ್ರಯಾಣ, ಜೊತೆಗೆ ಬರುವವರ ಕೂಲಿಯೂ ಹೋಯಿತು. ಮೈ ಚೆನ್ನಾಗಿದ್ದರೆ ಯಾಕೆ ಹೋಗಬೇಕು ಅನಿಸುತ್ತದೆ, ತೀರಾ ಕೆಟ್ಟಿದ್ದರೆ ಹೋಗುವ ತ್ರಾಣವಿರುವುದಿಲ್ಲ. ಕೊಟ್ಟ ಫೋನ್ ನಂಬರು ಪಕ್ಕದ ಮನೆಯವರದ್ದು, ಅವರು ಊರು ಬಿಟ್ಟಿರುತ್ತಾರೆ. ಬಾರದವರನ್ನು ಕಡತದಲ್ಲಿ ಕೈಬಿಟ್ಟುಹೋದವರು ಎಂದು ಬರೆಯುತ್ತಾರೆ. ಕೈ ಬಿಟ್ಟವರು ಯಾರು ಎಂದು ಆ ಕಡತ ಹೇಳುವುದಿಲ್ಲ. ಫೋನ್ ಮಾಡುವ, ಕಾಗದ ಬರೆಯುವ, ಆಶಾ ಕಾರ್ಯಕರ್ತೆಯ ಮೂಲಕ ಮನೆ ಹುಡುಕಿಸುವ ಕೆಲಸಕ್ಕೆ ಒಬ್ಬರನ್ನು ನೇಮಿಸುವುದು ಹೊಸ ಯಂತ್ರ ತರುವಷ್ಟೇ ಮುಖ್ಯವೆಂದು ನಾನು ನಂಬುತ್ತೇನೆ. ಚಿಕಿತ್ಸೆ ಬೇರೆ, ಸಂಶೋಧನೆ ಬೇರೆ ಎಂಬ ಗೋಡೆ ಇಲ್ಲಿ ಕರಗಿಹೋಗುತ್ತದೆ. "ಹೇಗಿದ್ದೀಯಮ್ಮ, ಊಟ ಇಳಿಯುತ್ತದಾ, ಕೈ ಎತ್ತಲಾಗುತ್ತದಾ?" ಎಂಬ ವಿಚಾರಣೆ ಆರೈಕೆಯೂ ಹೌದು, ವಿಜ್ಞಾನದ ಸಾಮಗ್ರಿಯೂ ಹೌದು.

ಕೈ ಎತ್ತಲಾಗುತ್ತದಾ ಎಂಬುದನ್ನು ಸುಮ್ಮನೆ ಸೇರಿಸಲಿಲ್ಲ. ಕತ್ತಿನ ಗ್ರಂಥಿಗಳ ನಡುವೆ ಭುಜದ ಸ್ನಾಯುವಿಗೆ ಹೋಗುವ ನರವೊಂದು ಹಾದುಹೋಗುತ್ತದೆ. ಅದನ್ನು ಉಳಿಸಿಯೇ ಆಪರೇಷನ್ ಮಾಡಿದರೂ ಎಳೆದಾಟದಲ್ಲಿ ಅದು ಬಳಲಬಹುದು. ಆಗ ಭುಜ ಜೋಲುತ್ತದೆ, ನೋಯುತ್ತದೆ, ತಲೆಯ ಮೇಲೆ ಬುಟ್ಟಿ ಎತ್ತುವುದು ಕಷ್ಟ. ಶೇಕಡಾ 80ರಲ್ಲಿ ಒಬ್ಬಳಾಗಿ ಬದುಕಿದವಳ ದಿನಚರಿ ಹೀಗಿರಬಹುದು. ಹಾಗಾಗಿ ಮುಂದಿನ ಪ್ರಶ್ನೆ ಹುಟ್ಟಿದೆ. ಹುಣ್ಣಿನಿಂದ ದುಗ್ಧರಸ ಮೊದಲು ಹರಿದು ಸೇರುವ ಒಂದೆರಡು ಗ್ರಂಥಿಗಳನ್ನು ಮಾತ್ರ ಪತ್ತೆಹಚ್ಚಿ ತೆಗೆದು, ಅವುಗಳಲ್ಲಿ ರೋಗ ಕಂಡರೆ ಮಾತ್ರ ಉಳಿದವನ್ನು ತೆಗೆದರೆ ಸಾಲದೆ? ಫ್ರಾನ್ಸಿನಲ್ಲಿ ಮತ್ತು ಜಪಾನಿನಲ್ಲಿ ನಡೆದು 2020 ಮತ್ತು 2021ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳು ಸಾಕು ಎಂದಿವೆ. ಮೊದಲ ತಿಂಗಳುಗಳಲ್ಲಿ ಕತ್ತು, ಭುಜದ ಬಾಧೆಯೂ ಕಡಿಮೆ ಎಂದಿವೆ. ಆದರೆ ಆ ಗ್ರಂಥಿಯನ್ನು ಹುಡುಕಲು ವಿಕಿರಣ ಸೂಸುವ ಔಷಧ ಬೇಕು, ಅದನ್ನು ಹಿಡಿಯುವ ಉಪಕರಣ ಬೇಕು, ತೆಗೆದ ಗ್ರಂಥಿಯನ್ನು ಎಳೆ ಎಳೆಯಾಗಿ ಕೊಯ್ದು ನೋಡುವ ಪೆಥಾಲಜಿಸ್ಟ್ ಬೇಕು. ಬಾಯಿ ಕ್ಯಾನ್ಸರಿನ ಭಾರ ಹೊತ್ತಿರುವ ನಮ್ಮ ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಇವೆಲ್ಲ ಎಲ್ಲಿವೆ? ಅಲ್ಲಿ ಸಿಗುವ ಕೈಗಳಿಂದ, ಅಲ್ಲಿ ಸಿಗುವ ಸಲಕರಣೆಯಿಂದ ಅವಳ ಜೀವವನ್ನೂ ಭುಜವನ್ನೂ ಒಟ್ಟಿಗೆ ಉಳಿಸುವ ಬಗೆ ಯಾವುದು ಎಂಬುದನ್ನು ನಮ್ಮ ಸರ್ಜನ್ನರೇ, ನಮ್ಮ ರೋಗಿಗಳನ್ನೇ ಕೇಳಿ ಕಂಡುಕೊಳ್ಳಬೇಕಾಗಿದೆ.