ದುಡ್ಡು ಕೊಟ್ಟೀವಿ, ಹತ್ತಿರ ಹೋಗಬಹುದಾ?

ಕೀನ್ಯಾದ ಮಸಾಯಿ ಮಾರಾ ಸಫಾರಿಗೆಂದು ಎರಡು ವರ್ಷದಿಂದ ದುಡ್ಡು ಕೂಡಿಡ್ತಿದ್ದೀನಿ. ಚೀತಾನ ಹತ್ತಿರದಿಂದ ನೋಡೋ ಆಸೆ. ಆದರೆ 2018ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನ ಓದಿ ಮನಸ್ಸು ತಡೆಯಿತು: ಪ್ರವಾಸಿಗರು ಕಡಿಮೆ ಇರುವ ಕಡೆ ತಾಯಿ ಚೀತಾ ಒಂದು ಸೂಲಿಗೆ ಸರಾಸರಿ 2.3 ಮರಿ ಬೆಳೆಸಿದರೆ, ಜೀಪುಗಳು ಮುತ್ತುವ ಕಡೆ ಬರೀ 0.2.

ಹೋದ ಬೇಸಿಗೆ ಊರು ಗೊಳಸಂಗಿಗೆ ಹೋದಾಗ, ಆಲಮಟ್ಟಿ ಹಿನ್ನೀರಲ್ಲಿ ಫ್ಲೆಮಿಂಗೊ ಕಂಡವು. ಫೋಟೊಗೆಂದು ಸಮೀಪ ಹೋದೆ. ಇಡೀ ಹಿಂಡು ಎದ್ದು ಹಾರಿತು. “ಉಣ್ಣಾಕ ಬಂದಾವ, ಎಬ್ಬಿಸ್ತೀಯಲ್ಲೋ” ಅಂದರು ಕಾಕಾ. ದಂಡೆಯಲ್ಲಿ ಸುಮ್ಮನೆ ಕೂತೆವು. ಅರ್ಧ ತಾಸಿನ ಮೇಲೆ ಮರಳಿದವು, ದೂರದಲ್ಲೇ.

ಸಫಾರಿ ದುಡ್ಡೇ ಹುಲ್ಲುಗಾವಲನ್ನೂ ಕಾಯುತ್ತೆ, ನಿಜ. ಅಷ್ಟಕ್ಕೇ ಬೇಟೆಗೆ ಅಡ್ಡ ನಿಲ್ಲೋ ಹಕ್ಕು ಬರುತ್ತಾ? ಬರಲ್ಲ. ಮಾರಾಗೆ ಹೋಗ್ತೀನಿ. ಡ್ರೈವರ್‌ಗೆ ಮೊದಲೇ ಹೇಳ್ತೀನಿ: ದೂರದಲ್ಲೇ ನಿಲ್ಸಿ, ಚೀತಾ ಕಾಣದಿದ್ರೂ ಪರವಾಗಿಲ್ಲ.